ಆಕ್ಷೇಪಣೆ, ಕ್ರಮಸಂಖ್ಯೆ ಹದಿನೇಳು

ಪುರಸಭೆಯ ಗೋಡೆಗೆ ನಕಾಶೆ ಬಂದು
ಇವತ್ತಿಗೆ ಇಪ್ಪತ್ತೊಂಬತ್ತು ದಿನ.
ಮೂವತ್ತರೊಳಗೆ ಹೇಳುವುದಿದ್ದರೆ ಹೇಳಿ,
ಆಮೇಲೆ ಇಪ್ಪತ್ತು ವರ್ಷ ಬಾಯಿ ಮುಚ್ಚಿ
ಎಂದು ಬರೆದಿಲ್ಲ; ಅರ್ಥ ಹಾಗೇ.

ನಾನು ಚಾತುಕುಟ್ಟಿ.
ಮಾಕುಟ್ಟ ಘಾಟಿ ಹತ್ತಿ ಬಂದವನ ಮಗ,
ವಿರಾಜಪೇಟೆಗೆ ಇಪ್ಪತ್ತಾರು ವರ್ಷದಿಂದ ನೀರು ಬಿಡುವವನು.
ನನ್ನ ಹತ್ತಿರ ಇರುವುದು ಒಂದೇ ಬೀಗದಕೈ,
ಅದು ಯಾವ ಮನೆಯದ್ದೂ ಅಲ್ಲ:
ಎದೆಯೆತ್ತರದ ಕಬ್ಬಿಣದ ಸರಳು, ಮೇಲೊಂದು ಅಡ್ಡಪಟ್ಟಿ.

ನಕಾಶೆ ಓದಲು ಬಾರದು ನನಗೆ.
ಊರು ಓದಲು ಬರುತ್ತದೆ, ಕಿವಿಯಲ್ಲಿ.
ವಾಲ್ವು ತಿರುಗಿಸಿ ಸರಳಿಗೆ ಕಿವಿಗೊಟ್ಟರೆ
ಯಾವ ಓಣಿಯಲ್ಲಿ ಹೊಸ ಮನೆ ಎದ್ದಿದೆ,
ಯಾರು ಕದ್ದು ಮೋಟರು ಇಟ್ಟಿದ್ದಾರೆ,
ಕೊನೆಯ ಮನೆಯ ಕೊಡಕ್ಕೆ
ಎಷ್ಟು ಹೊತ್ತು ಬರೀ ಗಾಳಿ ಬಂತು,
ತಿಳಿಯುತ್ತದೆ.

ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ಹಸಿರು ಉದ್ಯಾನಕ್ಕೆ
ಎಂದು ಮೈಸೂರಿನಿಂದ ಬಂದ ಮೇಡಂ ಕಡ್ಡಿ ಹಿಡಿದು ತೋರಿಸಿದರು.
ಒಳ್ಳೆಯವರು. ಚಹಾ ಕುಡಿದ ಲೋಟ ತಾವೇ ತೊಳೆದಿಟ್ಟರು.
ಅದಕ್ಕೇ ಇಷ್ಟು ಬರೆಯುವ ಧೈರ್ಯ.

ಮೇಡಂ, ಕೆಳಗಿನ ಆ ಹಳದಿ, ಬೊಳ್ಳಮ್ಮನವರ ಗದ್ದೆ.
ನಾಟಿ ನಿಂತು ಹನ್ನೊಂದು ವರ್ಷ, ನಿಜ,
ಗದ್ದೆ ಮಾತ್ರ ಕೆಲಸ ಬಿಟ್ಟಿಲ್ಲ.
ಕಕ್ಕಡದಲ್ಲಿ ಬೆಟ್ಟವಿಳಿದ ನೀರು
ಅಲ್ಲಿ ಬಂದು ಕಾಲು ಚಾಚಿ ಮಲಗುತ್ತದೆ.
ಮಣ್ಣು ತುಂಬಿ ಸೈಟು ಮಾಡಿದರೆ
ಹಾಸಿಗೆ ಹುಡುಕಿಕೊಂಡು ನಮ್ಮ ಮನೆಗಳಿಗೇ ಬಂದೀತು;
ನೆಂಟರ ಹಾಗೆ ಹೊರಗೆ ಚಪ್ಪಲಿ ಬಿಟ್ಟು ಬರುವ ಜಾತಿಯಲ್ಲ ಅದು.

ಮೇಲಿನ ಹಸಿರು ಪೈಸಾರಿ.
ನಲವತ್ತು ಮನೆ ಇವೆ, ನಕಾಶೆಯಲ್ಲಿ ಒಂದೂ ಇಲ್ಲ.
ನಲ್ಲಿ ಮೂರು. ನಾನೇ ಹಾಕಿದ್ದು.
ಲೈನ್ ಮನೆ ಬಿಟ್ಟು ಬಂದವರು, ಬರೆ ಕಡಿದು ಗೋಡೆ ಕಟ್ಟಿದವರು.
ಬರೆ ಜರಿಯುತ್ತದೆ, ಇಳಿಸಲೇಬೇಕು, ಒಪ್ಪಿದೆ.
ಆದರೆ ಊರಾಚೆಗಲ್ಲ.
ಪಳನಿಯಮ್ಮ ಬೆಳಗಿನ ಐದಕ್ಕೆ
ನಡೆದೇ ಹೋಗಿ ಆಸ್ಪತ್ರೆ ಗುಡಿಸುವಷ್ಟು ಹತ್ತಿರ
ಒಂದು ಚೂರು ಹಳದಿ ಬಿಡಿ,
ನಿಮ್ಮ ಪೆನ್ಸಿಲಿನ ಮೊನೆಯಷ್ಟು.

ಇನ್ನು, ಮೊಯ್ದುವಿನ ಗೋಡೆಗೂ ಸಿಲ್ವೆಸ್ಟರ್ ಮೇಷ್ಟ್ರ ಬೇಲಿಗೂ ನಡುವೆ
ಒಂದೂವರೆ ಕೊಡೆ ಅಗಲದ ದಾರಿ.
ನೀವದನ್ನು ನಲವತ್ತು ಅಡಿ ಮಾಡಿದ್ದೀರಿ.
ಎರಡು ಕೊಡೆ ಎದುರಾದರೆ ಅಲ್ಲಿ ಒಂದು ಬಾಗಬೇಕು,
ಬಾಗಿದಾಗಲೇ ‘ಅಮ್ಮನಿಗೆ ಈಗ ಹೇಗಿದೆ’ ಎಂಬ ಮಾತು.
ಕಾರು ಬಾಗುವುದಿಲ್ಲ.
ಆಂಬುಲೆನ್ಸಿಗೆ ಅಗಲ ಬೇಕು, ಗೊತ್ತು:
ಮೊಯ್ದುವಿನ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ
ಓಡಿದ ನಾಲ್ವರಲ್ಲಿ ನಾನೊಬ್ಬ.
ತಲುಪಲಿಲ್ಲ.
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.
ಉತ್ತರವಿಲ್ಲ ಎಂದೂ ಬರೆದುಕೊಳ್ಳಿ.

ಊರು ಬೆಳೆಯಬಾರದೆಂದಲ್ಲ.
ಅಪ್ಪ ಘಾಟಿ ಹತ್ತಿದ ದಿನ ಯಾರಾದರೂ
ನಕಾಶೆ ಬಿಡಿಸಿ ಜಾಗವಿಲ್ಲ ಎಂದಿದ್ದರೆ ನಾನೆಲ್ಲಿ?
ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ, ಅಷ್ಟೇ:
ಹೊಸ ನಲ್ಲಿ ಕೊಡುವ ಮೊದಲು
ಕೊನೆಯ ನಲ್ಲಿಯವರೆಗೆ ನಡೆದು ನೋಡಿ ಬರುವುದು.

ಕೌಂಟರಿನ ಹುಡುಗಿ ಅರ್ಜಿ ತಿರುವಿದಳು.
‘ನಿಮ್ಮ ಆಸ್ತಿಯ ಸರ್ವೆ ನಂಬರು?
ಖಾಲಿ ಬಿಟ್ಟರೆ ಕಂಪ್ಯೂಟರು ತಗೊಳ್ಳಲ್ಲ.’
ಸರಳನ್ನೆತ್ತಿ ಮೇಜಿನ ಮೇಲಿಟ್ಟೆ.
ರಿಜಿಸ್ಟರಿನ ಮೇಲೆ ತುಕ್ಕಿನ ಗೆರೆ ಬಿತ್ತು.
ಮೇಲಿನ ಓಣಿಯ ದಮಯಂತಿಯ ಮಗಳು ಆಕೆ;
ಗೆರೆ ನೋಡಿದಳು, ನನ್ನ ನೋಡಿದಳು.
‘ವಾಲ್ವಿನ ನಂಬರಾದರೂ ಹೇಳಿ.’
‘ಹದಿನಾಲ್ಕು.’
ಒತ್ತಿದಳು. ತಗೊಂಡಿತು.

ಗೋಡೆ ಗಡಿಯಾರದಲ್ಲಿ ನಾಲ್ಕೂ ನಲವತ್ತು.
ಮೇಲಿನ ಓಣಿಗೆ ಆಗಲೇ ಹತ್ತು ನಿಮಿಷ ತಡ.
ಅವಳ ಅಮ್ಮ ಕೊಡವಿಟ್ಟು
ನನ್ನನ್ನು ಬೈಯತೊಡಗಿರುತ್ತಾಳೆ.